ಬಿಸಿಯಾದ ಕೊಳವೆ

ಹೆಬ್ಬಗೋಡಿಯ ವಠಾರದಿಂದ ತಿಂಗಳು ತಿಂಗಳು ಬಾಡಿಗೆ ಬರುವಾಗ ಸೊಸೆ ಕೆಲಸಕ್ಕೆ ಹೋಗುವುದೇಕೆ ಎಂಬುದು ವಸಂತಮ್ಮನವರಿಗೆ ಇವತ್ತಿಗೂ ಬಗೆಹರಿದಿಲ್ಲ. “ಆ ಮಿಸಿನ್ನು ನಿನ್ ಮುಖ ನೋಡ್ದೆ ಓಡಾಕಿಲ್ವಾ?” ಎಂದು ರೇಗಿಸಿದರೆ ಶೋಭಾರಾಣಿ ನಕ್ಕು, ಡಬ್ಬಿ ಎತ್ತಿಕೊಂಡು ಹೊರಡುತ್ತಾಳೆ. ಹೊರಡುವುದೇ ಪುಣ್ಯ! ಇಲ್ಲದಿದ್ದರೆ ಅವಳ ಲ್ಯಾಬಿನ ಹುಡುಗಿ ರಕ್ಷಿತಾಳ ಗತಿ ಏನಾಗುತ್ತಿತ್ತೋ.

ಎಲೆಕ್ಟ್ರಾನಿಕ್ ಸಿಟಿಯ ಔಷಧ ಪ್ರಯೋಗಾಲಯವೊಂದರಲ್ಲಿ ಶೋಭಾರಾಣಿ ನೋಡಿಕೊಳ್ಳುವುದು ಎನ್‌ಎಂಆರ್ ಯಂತ್ರವನ್ನು. ದ್ರಾವಣ ತುಂಬಿದ ಗಾಜಿನ ಕೊಳವೆಯನ್ನು ಅದರ ಅಯಸ್ಕಾಂತದೊಳಗೆ ಇಳಿಸಿದರೆ, ಯಾವ ಅಣು ಎಷ್ಟು ವೇಗವಾಗಿ ಹರಡುತ್ತದೆಂದು ತಿಳಿಯುತ್ತದೆ. ಸಣ್ಣವು ಚುರುಕು, ದೊಡ್ಡವು ನಿಧಾನ. ಗದಗಿನಿಂದ ಬಂದ ಹೊಸ ಕೆಮಿಸ್ಟ್ ರಕ್ಷಿತಾ ಒಂದು ಮದ್ದನ್ನು ಉದ್ದನೆಯ ಪಾಲಿಮರ್ ಸರಪಳಿಗೆ ಅಂಟಿಸಲು ಹೊರಟಿದ್ದಳು. ಅಂಟಿದ್ದರೆ ಎರಡೂ ಒಂದೇ ವೇಗದಲ್ಲಿ, ಪರದೆಯ ಒಂದೇ ಸಾಲಿನಲ್ಲಿ ಕಾಣಬೇಕು. ಕಂಡರೆ ಅವಳ ಕೆಲಸ ಖಾಯಂ, ಇಲ್ಲವಾದರೆ ಊರಿನ ಬಸ್ಸು.

ದ್ರಾವಣ ಮಂದವಾಗಿದೆ, ಸ್ವಲ್ಪ ಬಿಸಿ ಮಾಡಿ ಎಂದು ರಕ್ಷಿತಾ ಗೋಗರೆದಳು. ಪಾಪ ಎನಿಸಿ ಶೋಭಾರಾಣಿ ಮಾಡಿದಳು. ಬಂತು ನೋಡಿ, ಒಂದೇ ಸಾಲು! ಹುಡುಗಿ ಲ್ಯಾಬಿಗೆಲ್ಲ ಪೇಡೆ ಹಂಚಿದಳು.

ಪೇಡೆ ಬಾಯಲ್ಲಿರುವಾಗಲೇ ಶೋಭಾರಾಣಿಯ ಕಣ್ಣು ದ್ರಾವಣದಲ್ಲಿ ಬೆರೆತಿದ್ದ ನೀರಿನ ಗುರುತಿನ ಮೇಲೆ ಬಿತ್ತು. ಎಲ್ಲಕ್ಕಿಂತ ಚುರುಕಾಗಿ ಬೇರೆ ಸಾಲಿನಲ್ಲಿರಬೇಕಾದ ಅದೂ ಅದೇ ಸಾಲಿನಲ್ಲಿತ್ತು. ಅಯ್ಯೋ ಶಿವನೇ, ನೀರೂ ಸರಪಳಿಗೆ ಅಂಟಿತೇ? ಕುದಿಯುವ ಎಸರಿನಲ್ಲಿ ಅಕ್ಕಿ, ಬೇಳೆ ಒಟ್ಟಿಗೆ ಏರಿಳಿಯುವ ಹಾಗೆ, ಬಿಸಿಗೆ ಕೊಳವೆಯೊಳಗಿನ ದ್ರಾವಣವೇ ಸುತ್ತು ಹಾಕಿ ಎಲ್ಲವನ್ನೂ ಜೊತೆಗೆ ಓಡಿಸಿತ್ತು. ತಣ್ಣಗಾಗಿಸಿ ಮತ್ತೆ ಅಳೆದಳು. ಮದ್ದೇ ಬೇರೆ, ಸರಪಳಿಯೇ ಬೇರೆ.

“ಇದನ್ನ ಗುರುರಾಜ್ ಸರ್‌ಗೆ ಹೇಳಲೇಬೇಕೇನ್ರೀ ಅಕ್ಕಾ?” ರಕ್ಷಿತಾ ಕೇಳಿದಳು.

“ನಡಿ, ನಾನೂ ಬರ್ತೀನಿ.”

ಲ್ಯಾಬಿನ ಮುಖ್ಯಸ್ಥ ಗುರುರಾಜ್ ಅವರ ಮುಂದೆ ಮೊದಲು ಬಾಯಿಬಿಟ್ಟವಳು ಶೋಭಾರಾಣಿಯೇ. “ಬಿಸಿ ಮಾಡಿದ್ದು ನಾನು ಸಾರ್. ಸರಿಯಾಗಿ ನೋಡ್ದೆ ಓಕೆ ಅಂದಿದ್ದೂ ನಾನೇ.”

ಗುರುರಾಜ್ ಬೈದರು, ಚೆನ್ನಾಗಿಯೇ ಬೈದರು. ಆಮೇಲೆ ರಕ್ಷಿತಾಳತ್ತ ತಿರುಗಿ, “ಇನ್ನೊಂದ್ಸಲ ಮಾಡಮ್ಮ, ಟೈಮ್ ಕೊಡ್ತೀನಿ. ಸುಳ್ಳು ರಿಸಲ್ಟ್ ಹೊರಗೆ ಹೋಗಿದ್ರೆ ನನ್ ಕೈಲೂ ಏನೂ ಆಗ್ತಿರ್ಲಿಲ್ಲ” ಎಂದರು.

ಹೊರಗೆ ಬಂದದ್ದೇ ರಕ್ಷಿತಾ ಶೋಭಾರಾಣಿಯ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಸ್ವಂತ ಅಕ್ಕ ಇದ್ದಿದ್ದರೂ ತನ್ನ ಪರವಾಗಿ ಹೀಗೆ ನಿಲ್ಲುತ್ತಿದ್ದಳೋ ಇಲ್ಲವೋ ಅನ್ನಿಸಿತು ಅವಳಿಗೆ.

“ನೀವು ಸುಮ್ನಿದ್ದಿದ್ರ ಯಾರಿಗೂ ಗೊತ್ತಾಗ್ತಿರಲಿಲ್ರೀ ಅಕ್ಕಾ.”

“ಆ ಮದ್ದು ತಗೊಳ್ಳೋರಿಗೆ ಗೊತ್ತಾಗ್ತಿತ್ತು ಕಣೇ,” ಎಂದಳು ಶೋಭಾರಾಣಿ.