ಬಿಳಿ ಮಾರ್ಬಲ್ಲಿನ ಮೇಲೆ ಆಯಿಲ್ ಹನಿ

ನಿಟ್ಟುವಳ್ಳಿಯಲ್ಲಿ ಬರೀ ಮೈಲಪ್ಪ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೆಂಪು ಕಾರಿನ ಮೈಲಪ್ಪ ಎನ್ನಬೇಕಿತ್ತು. ಕಾರು ಅವನದ್ದಲ್ಲ, ಅದು ಮಂಡಿ ಸಾವ್ಕಾರ್ ಉಜ್ಜನಪ್ಪನವರದು ಎನ್ನುವುದೂ ಎಲ್ಲರಿಗೂ ಗೊತ್ತಿತ್ತು. ಆದರೂ ಹೆಸರು ಅಂಟಿದ್ದು ಮೈಲಪ್ಪನಿಗೆ. ಮೂವತ್ತು ವರ್ಷ ಅದರ ಬಾನೆಟ್ಟಿನೊಳಗೆ ತಲೆ ಹಾಕಿದ ಮೆಕ್ಯಾನಿಕ್ ಅವನೊಬ್ಬನೇ. ಬೇರೆಯವರು ಮುಟ್ಟಿದರೆ ಅವನಿಗೆ ಮೈ ಉರಿಯುತ್ತಿತ್ತು. ತನ್ನ ಗ್ಯಾರೇಜಿನಲ್ಲಿ ಲ್ಯಾಂಬ್ರೆಟಾ, ಅಂಬಾಸಿಡರ್, ಟ್ರ್ಯಾಕ್ಟರ್ ಏನೇನೋ ರಿಪೇರಿ ಮಾಡುತ್ತಿದ್ದ, ಆದರೆ ಅವೆಲ್ಲ ಹೊಟ್ಟೆಪಾಡು. ಕೆಂಪು ಕಾರು ಬಂದ ದಿನ ಮಾತ್ರ ಅವನು ಸ್ನಾನ ಮಾಡಿ ಕೆಲಸಕ್ಕೆ ಇಳಿಯುತ್ತಿದ್ದ. 'ನಮ್ಮ ಮದುವಿ ದಿನಾನೂ ಈ ಮನುಷ್ಯ ಇಷ್ಟು ತಿಕ್ಕಂಡು ಮೈ ತೊಳ್ಕಂಡಿರ್ಲಿಲ್ಲ' ಎಂದು ಹೆಂಡತಿ ಉಡಚಮ್ಮ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ವಿಲಾಯಿತಿ ಕಾರು ಅದು. ಒಳಗೆ ಕೂತರೆ ಪಂಕ್ತಿ ಊಟಕ್ಕೆ ನೆಲದ ಮೇಲೆ ಕೂತ ಹಾಗೆ. ಉಜ್ಜನಪ್ಪನವರು ಅದನ್ನು ಮುಂಬಯಿಯಿಂದ ತಂದಾಗ ಅರ್ಧ ಪೇಟೆ ಬೆರಗಾಗಿ ನೋಡಿತ್ತು, ಇನ್ನರ್ಧ ಪೇಟೆ ಒಂದು ಚೀಲ ಜೋಳ ಹಾಕಲು ಬಾರದ ಗಾಡಿಯೂ ಒಂದು ಗಾಡಿಯೇ ಎಂದು ನಕ್ಕಿತ್ತು. ಸಾವ್ಕಾರರು ಯಾರ ಮಾತಿಗೂ ಸೊಪ್ಪು ಹಾಕಿದವರಲ್ಲ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು ಎಂಬ ಮನೆತನದ ನೇಮವನ್ನು ಮಾತ್ರ ಕಾರಿಗೂ ಅನ್ವಯಿಸಿದ್ದರು. ಸೋಮವಾರ ಕಾರಿಗೆ ರಜೆ, ಮೈಲಪ್ಪನೂ ಅದರ ನಟ್ಟು ಬೋಲ್ಟಿಗೆ ಪಾನ ಹಚ್ಚುವಂತಿಲ್ಲ.

ಕಾರು ಸೋರುತ್ತಿತ್ತು. ನಿಂತಲ್ಲೆಲ್ಲ ಒಂದಿಷ್ಟು ಆಯಿಲ್ ಬಿಟ್ಟು ಬರುತ್ತಿತ್ತು. ಪೇಟೆಯ ಹಳೇ ಮನೆಯಲ್ಲಿ ಅದು ನಿಲ್ಲುತ್ತಿದ್ದುದು ಹಿತ್ತಲ ಕೊಟ್ಟಿಗೆಯ ಮಣ್ಣಿನ ನೆಲದ ಮೇಲೆ. ಎಷ್ಟು ಬಿದ್ದರೂ ಮಣ್ಣು ಕುಡಿಯುತ್ತಿತ್ತು. ಮೈಲಪ್ಪ ಆ ವಿಷಯ ಎತ್ತಿದರೆ ಸಾವ್ಕಾರರು, 'ಬಸವಣ್ಣ ಕಟ್ಟಿದಲ್ಲೇ ಗಂಜಲ ಹಾಕಲ್ವೇನೋ? ಇದೂ ಹಂಗೆ ಅಂತ ತಿಳ್ಕ' ಎಂದು ನಗುತ್ತಿದ್ದರು.

ಉಜ್ಜನಪ್ಪನವರು ತೀರಿಕೊಂಡರು. ಮಗ ಕೊಟ್ಟೂರೇಶ್ ತೊಂಬತ್ತೆಂಟರಲ್ಲಿ ವಿದ್ಯಾನಗರದ ಕಡೆ ಹೊಸ ಮನೆ ಕಟ್ಟಿಸಿದ. ಮುಂದಿನ ಪೋರ್ಟಿಕೋಗೆ ಬಿಳಿ ಮಾರ್ಬಲ್ ಹಾಸಿದ. ಎಷ್ಟು ಬಿಳಿಯೆಂದರೆ ಬಂದವರು ಗೇಟಿನ ಬಳಿಯೇ ಚಪ್ಪಲಿ ಬಿಡುತ್ತಿದ್ದರು. ಗೃಹಪ್ರವೇಶಕ್ಕೆ ಮುಂಚೆ ಅವನೇ ಗ್ಯಾರೇಜಿಗೆ ಬಂದ. ಕೆಟ್ಟವನಲ್ಲ ಅವನು. ಚಿಕ್ಕವನಿದ್ದಾಗ ಮೈಲಪ್ಪನ ಪಕ್ಕದ ಸೀಟಿನಲ್ಲಿ ಕೂತು ಊರು ಸುತ್ತಿದವನೇ.

'ಮೈಲಣ್ಣ, ಬೇಜಾರ್ ಮಾಡ್ಕಬ್ಯಾಡ. ಅಲ್ಲಿ ಕೊಟ್ಟಿಗಿ ಇಲ್ಲ, ಇರೋದು ಪೋರ್ಟಿಕೋ ಒಂದೇ. ಸೋರೋದು ನಿಲ್ಲಿಸಿದ್ರೆ ಅಪ್ಪಾಜಿ ಕಾರು ಅಲ್ಲೇ ಇರ್ಲಿ, ನಂದೇನೂ ತಕರಾರಿಲ್ಲ. ನಿಲ್ಲಲಿಲ್ಲ ಅಂದ್ರೆ ಹರಿಹರದ ಗುಜರಿಯವ್ನಿಗೆ ಹೇಳ್ತೀನಿ.'

'ಗುಜರಿ ಯಾಕ್ರಿ ಸಣ್ಣ ಸಾವ್ಕಾರ್ರೆ? ಒಂದು ಹನಿ ಬಿದ್ರೆ ಕೇಳ್ರಿ' ಎಂದ ಮೈಲಪ್ಪ.

ಆಯಿಲ್ ಲೀಕು ಹುಡುಕುವುದು ಸುಲಭ ಎಂದುಕೊಂಡವರು ಯಾವತ್ತೂ ಹುಡುಕಿದವರಲ್ಲ. ಹನಿ ಬೀಳುವ ಜಾಗ ಒಂದು, ಹೊರಡುವ ಜಾಗ ಇನ್ನೊಂದು. ಮೇಲೆಲ್ಲೋ ಜಿನುಗಿದ್ದು ಗಾಡಿ ಓಡುವಾಗ ಗಾಳಿಗೆ ಹಿಂದೆ ಸರಿದು, ಬೋಲ್ಟುಗಳನ್ನು ಬಳಸಿ, ಕೊನೆಗೆ ಏನೂ ಸಂಬಂಧವಿಲ್ಲದ ಕಡೆಯಿಂದ ತೊಟ್ಟಿಕ್ಕುತ್ತದೆ. ಮೈಲಪ್ಪ ಮೇಲಿನ ಮುಚ್ಚಳದ ಪ್ಯಾಕಿಂಗ್ ಬದಲಿಸಿದ, ಸೋರಿತು. ಪಕ್ಕದ ಮುಚ್ಚಳದ್ದು ಬದಲಿಸಿದ, ಸೋರಿತು. ಕೆಳಗಿನ ಆಯಿಲ್ ತೊಟ್ಟಿ ಬಿಚ್ಚಿ ಹೊಸ ಪ್ಯಾಕಿಂಗ್ ಕತ್ತರಿಸಿ ಕೂರಿಸಿದ. ಮೊದಲಿಗಿಂತ ಚೆನ್ನಾಗಿಯೇ ಸೋರಿತು.

ಕಡೆಗೆ ಇಡೀ ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಕೊಟ್ಟೂರೇಶನ ಮಗಳು ನಯನಾಳ ಪೌಡರ್ ಡಬ್ಬಿ ಕೇಳಿ ತಂದು ಅದರ ಮೈತುಂಬ ಉದುರಿಸಿದ. ಒದ್ದೆಯಾದಲ್ಲಿ ಪೌಡರ್ ಕಪ್ಪಾಗಬೇಕು, ಕಳ್ಳ ಸಿಗಬೇಕು. ಪಿ.ಬಿ. ರಸ್ತೆ ಹಿಡಿದು ಹರಿಹರದ ಕಡೆ ಓಡಿಸಿದ. ನಡುದಾರಿಯಲ್ಲಿ ಬಾತಿ ಹತ್ತಿರ ಇಳಿದು ನೋಡಿದರೆ ಇಂಜಿನ್ನು ಮದುವಣಗಿತ್ತಿಯ ಹಾಗೆ ಬೆಳ್ಳಗಿತ್ತು. ಹೊಳೆಯ ಸೇತುವೆ ದಾಟಿ ತಿರುಗಿಸಿಕೊಂಡು ಬಂದು ನೋಡಿದ. ಗೇರ್ ಬಾಕ್ಸು ಇಂಜಿನ್ನಿಗೆ ಕೂಡುವಲ್ಲಿ ಪೌಡರ್ ಕರಗಿ ಕಪ್ಪಾಗಿತ್ತು. ಇಂಜಿನ್ನಿನ ಹಿಂದಿನ ಆಯಿಲ್ ಸೀಲು ಹೋಗಿದೆ ಎಂದು ತೀರ್ಮಾನಿಸಿದ. ಗೇರ್ ಬಾಕ್ಸ್ ಇಳಿಸಿದ. ಆ ಅಳತೆಯ ಸೀಲು ಈ ದೇಶದಲ್ಲೇ ಸಿಗುವುದಿಲ್ಲವಾದ್ದರಿಂದ ಹರಿಹರದ ಲೇತ್ ಅಂಗಡಿಯ ರೇವಣ್ಣನ ಹತ್ತಿರ ಬೇರೊಂದು ಸೀಲಿಗೆ ಹೊಂದುವಂತೆ ಕಬ್ಬಿಣದ ಬಳೆ ಕಡೆಸಿಕೊಂಡು ಬಂದು ಕೂರಿಸಿದ. ಅಷ್ಟು ನಾಜೂಕಿನ ಕೆಲಸ ಅವನು ಜನ್ಮದಲ್ಲಿ ಮಾಡಿರಲಿಲ್ಲ.

ಗೃಹಪ್ರವೇಶವಾಯಿತು. ಕಾರು ಬಿಳಿ ಮಾರ್ಬಲ್ಲಿನ ಮೇಲೆ ನಿಂತಿತು. ಒಂದು ತಿಂಗಳು ನೋಡೋಣ ಎಂದ ಕೊಟ್ಟೂರೇಶ್. ಮೈಲಪ್ಪ ಸೋಮವಾರ ಬಿಟ್ಟು ದಿನಾ ಸಂಜೆ ಬಾತಿವರೆಗೆ ಕಾರು ಓಡಿಸಿ ತಂದು ಬಿಸಿಬಿಸಿಯಾಗಿಯೇ ನಿಲ್ಲಿಸುತ್ತಿದ್ದ. ಸೋರುವುದಿದ್ದರೆ ಆಗಲೇ ಸೋರಲಿ ಎಂದು. ಬೆಳಿಗ್ಗೆ ಸೈಕಲ್ ತುಳಿದುಕೊಂಡು ಹೋಗಿ ಬಗ್ಗಿ ನೋಡುತ್ತಿದ್ದ. ಒಂದು ಹನಿ ಇಲ್ಲ. ಮರುದಿನವೂ ಇಲ್ಲ. ಮೈಲಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಂಡಕ್ಕಿ ಮಿರ್ಚಿ ಅಂಗಡಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಸೀಲಿನ ಕಥೆ ಹೇಳಿದ. ಆಯಿಲ್ ಕಡ್ಡಿ ಎತ್ತಿ ನೋಡಿದಾಗ ಮಟ್ಟ ಮಾತ್ರ ದಿನದಿನಕ್ಕೆ ಇಳಿಯುತ್ತಿತ್ತು. ವಯಸ್ಸಾದ ಇಂಜಿನ್ನು, ಒಳಗೇ ಸುಡುತ್ತಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೇರೆ ಯಾರದ್ದಾದರೂ ಗಾಡಿಯಾಗಿದ್ದರೆ ಆ ಮಾತನ್ನು ಅವನು ಒಪ್ಪುತ್ತಲೇ ಇರಲಿಲ್ಲ.

ಒಂದು ದಿನ ನಂದಿಗುಡಿಯ ನೆಂಟರ ಮನೆಗೆ ಹೋಗಬೇಕಿತ್ತು. ಮೊದಲ ಬಸ್ಸು ಹಿಡಿಯುವವನು ಕಾರು ನೋಡಿಕೊಂಡೇ ಹೋಗೋಣವೆಂದು ಇನ್ನೂ ಮಬ್ಬುಗತ್ತಲಿರುವಾಗಲೇ ಬಂದ. ಪೋರ್ಟಿಕೋದಲ್ಲಿ ದೀಪ ಹಾಕಿರಲಿಲ್ಲ. ಕಾರಿನ ಕೆಳಗಿನಿಂದ ಉಜ್ಜುವ ಸಪ್ಪಳ ಬರುತ್ತಿತ್ತು.

ಉಜ್ಜನಪ್ಪನವರ ಹೆಂಡತಿ ಕಸ್ತೂರಮ್ಮ ಮೊಣಕಾಲೂರಿ, ಒಂದು ಕೈ ಚಕ್ರಕ್ಕೆ ಕೊಟ್ಟು, ಇನ್ನೊಂದು ಕೈ ಕಾರಿನ ಕೆಳಗೆ ಚಾಚಿ ಸೋಡಾಪುಡಿ ಹಾಕಿ ನೆಲ ತಿಕ್ಕುತ್ತಿದ್ದರು. ಮಂಡಿನೋವಿಗೆ ಲಿಂಗಪೂಜೆಗೂ ನೆಲಕ್ಕೆ ಕೂರಲಾಗದೆ ಸ್ಟೂಲ್ ಹಾಕಿಕೊಳ್ಳುತ್ತಿದ್ದ ಹೆಂಗಸು.

'ಅಮ್ಮಾರೆ! ಇದೇನ್ರಿ ಇದು?'

'ಮೆಲ್ಲಗ ಮಾತಾಡು. ಕೊಟ್ರೇಶಿ ಎದ್ದಾನು.'

'ಯಾವಾಗಿಂದ ಮಾಡಾಕತ್ತೀರಿ?'

'ಕಾರು ಬಂದ ದಿನದಿಂದ. ಹೆಂಗೂ ಬೆಳಕು ಹರಿಯೋದ್ರಾಗ ಬಾಗಿಲ ಮುಂದೆ ತೊಳ್ದು ರಂಗೋಲಿ ಹಾಕ್ಬೇಕಲ್ಲಪ್ಪ. ಅದ್ರ ಜೊತಿಗೆ ಇದೂ ಒಂದು ಆಗ್ತೈತೆ. ಯಾರಿಗೂ ಏನೂ ಗೊತ್ತಾಗಲ್ಲ.'

ಮೈಲಪ್ಪ ಚಕ್ರದ ಪಕ್ಕ ಕುಕ್ಕರಿಸಿದ. ಅವಮಾನಕ್ಕೆ ಮುಖ ಎತ್ತಲಾಗಲಿಲ್ಲ. ಇಷ್ಟು ದಿನ ಊರ ತುಂಬ ಎದೆ ಉಬ್ಬಿಸಿ ಹೇಳಿಕೊಂಡದ್ದು ತನ್ನ ಕೆಲಸವನ್ನಲ್ಲ, ಈ ಮುದುಕಿ ಕತ್ತಲಲ್ಲಿ ಮಂಡಿ ಊರಿ ತಿಕ್ಕಿದ್ದನ್ನು. ಅವರ ಕೈಯ ಬಟ್ಟೆ ಕಿತ್ತುಕೊಂಡು ಉಳಿದದ್ದನ್ನು ಅವನೇ ಒರೆಸಿದ. ಅವರನ್ನು ತೋಳು ಹಿಡಿದು ಎಬ್ಬಿಸಿದ. ಎದ್ದು ನಿಲ್ಲಲು ಅವರಿಗೆ ಬಹಳ ಹೊತ್ತು ಹಿಡಿಯಿತು, ಅದನ್ನು ನೋಡಲು ಅವನಿಂದ ಆಗಲಿಲ್ಲ.

ನಂದಿಗುಡಿಗೆ ಹೋಗಲಿಲ್ಲ. ಕೊಟ್ಟೂರೇಶ್ ಏಳುವವರೆಗೆ ಗೇಟಿನ ಹೊರಗೆ ನಿಂತಿದ್ದು, ಅವನು ಹಲ್ಲುಜ್ಜುತ್ತ ಹೊರಗೆ ಬಂದಾಗ ಒಂದೇ ಉಸಿರಿಗೆ ಹೇಳಿದ: 'ಸೋರುತೈತ್ರಿ. ನಾನೇ ದಿನಾ ಬಂದು ಒರೆಸ್ತಿದ್ದೆ. ನನ್ನ ಕೈಲಿ ಆಗಲಿಲ್ಲ.' ಆಗಲಿಲ್ಲ ಎನ್ನುವ ಮಾತು ಆ ಕಾರಿನ ವಿಷಯದಲ್ಲಿ ಅವನ ಬಾಯಿಂದ ಬಂದದ್ದು ಅದೇ ಮೊದಲು. ಕೊಟ್ಟೂರೇಶ್ ಬಾಯಲ್ಲಿನ ನೊರೆ ಉಗಿದ. ಆಮೇಲೆ, 'ಹೋಗ್ಲಿ ಬಿಡು ಮೈಲಣ್ಣ, ಪ್ರಯತ್ನ ಮಾಡಿದ್ಯಲ್ಲ' ಎಂದು ಅವನ ಹೆಗಲು ಮುಟ್ಟಿದ.

ಆ ವಾರವೇ ಗುಜರಿಯವನ ಲಾರಿ ಬಂತು. ಕಾರನ್ನು ಹಲಗೆಯ ಮೇಲೆ ತಳ್ಳಿ ಏರಿಸಿದರು. ಕಸ್ತೂರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮೈಲಪ್ಪನ ಕಡೆ ನೋಡಲಿಲ್ಲ.

ಅವನಿಗೆ ಅನ್ನ ಸೇರಲಿಲ್ಲ. ಕಾರು ಹೋದದ್ದು ಒಂದು ಸಂಕಟವಾದರೆ, ಎಲ್ಲಿಂದ ಸೋರುತ್ತಿತ್ತು ಎಂದು ತಿಳಿಯದೆ ಹೋದದ್ದು ಇನ್ನೊಂದು. ಉಡಚಮ್ಮ, 'ಹೋಗಿ ಒಂದ್ಸಲ ನೋಡ್ಕಂಡಾದ್ರೂ ಬರ್ರಿ, ಹಿಂಗ ಕುಂತ್ರೆ ಹೆಂಗೆ' ಎಂದು ಬೈದು ಕಳಿಸಿದಳು. ಹರಿಹರದ ಗುಜರಿಯಲ್ಲಿ ಕೆಂಪು ತಗಡು ಆಗಲೇ ಕತ್ತರಿಸಿ ಒಟ್ಟಿದ್ದರು. ಇಂಜಿನ್ನು ಬೇರೆಯಾಗಿ ಮಣ್ಣಿನಲ್ಲಿ ಅಡ್ಡ ಬಿದ್ದಿತ್ತು. ಮೈಲಪ್ಪ ಅದರ ಬೆನ್ನಿನ ಕಡೆಯ ಕೊಳೆಯನ್ನು ಪಾನದ ತುದಿಯಿಂದ ಕೆರೆದು, ಸೀಮೆಎಣ್ಣೆಯಲ್ಲಿ ಒರೆಸಿ, ಬಿಸಿಲಿಗೆ ತಿರುಗಿಸಿದ. ಸೀಲಿಗಿಂತ ನಾಲ್ಕು ಬೆರಳು ಮೇಲೆ, ಆಯಿಲ್ ಹರಿಯುವ ದಾರಿಯ ಪಕ್ಕ, ಕಬ್ಬಿಣದಲ್ಲೇ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ತಣ್ಣಗಿದ್ದಾಗ ಮುಚ್ಚಿಕೊಂಡು, ಇಂಜಿನ್ ಕಾದಾಗ ಬಾಯಿ ಬಿಡುವ ಸೀಳು. ಗೇರ್ ಬಾಕ್ಸ್ ಇಳಿಸಿದ ದಿನ ಅದು ಅವನ ಕಣ್ಣೆದುರಿಗೇ ಇತ್ತು. ಸೀಲೇ ಎಂದು ತೀರ್ಮಾನಿಸಿ ಬಿಚ್ಚಿದವನು ಸೀಲನ್ನು ಮಾತ್ರ ನೋಡಿದ್ದ.

ರಸ್ತೆಯ ಆಚೆಯ ಲೇತ್ ಅಂಗಡಿಯಿಂದ ರೇವಣ್ಣ ಬಂದು ಬಗ್ಗಿ ನೋಡಿದ. 'ಅವತ್ತೇ ತೋರಿಸಿದ್ರೆ ಹಿತ್ತಾಳಿ ಬೆಸುಗೆ ಹಾಕಿ ಕೊಡ್ತಿದ್ನಲ್ಲೋ ಮಾರಾಯ' ಎಂದ. ಹೇಳಬಾರದಿತ್ತೇನೋ ಎನ್ನಿಸಿ ಚಹಾ ತರಿಸಿದ.

ಮೈಲಪ್ಪ ಬಸ್ಸಿಳಿದವನು ನೇರ ಹೊಸ ಮನೆಗೆ ಹೋದ. ಕಸ್ತೂರಮ್ಮ ಖಾಲಿ ಪೋರ್ಟಿಕೋದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

'ಸಿಕ್ತು ಅಮ್ಮಾರೆ. ಹಿಂದೆ ಸೀಳು ಬಿಟ್ಟಿತ್ತು. ಇಷ್ಟು ವರ್ಷ ಅಲ್ಲಿಂದಾನೇ ಸೋರ್ತಿತ್ತು.'

ಕಸ್ತೂರಮ್ಮ ಕಾರು ನಿಲ್ಲುತ್ತಿದ್ದ ಜಾಗದ ಕಡೆ ನೋಡಿದರು.

'ಎಲ್ಲಿಂದ ಸೋರುತೈತೆ ಅಂತ ನಾನು ಕೇಳಿದ್ನಾ ಮೈಲಪ್ಪ? ಮುಂಜಾನಿ ಎದ್ದು ಅವರ ಕಾರಿಗೆ ಮಾಡಾಕ ಅದೊಂದು ಕೆಲಸ ಇತ್ತು ನಂಗೆ. ನಾನಿರೋತನಕ ಒರೆಸ್ತಿದ್ದೆ. ನೀನು ಸುಮ್ಮನಿರಬಾರದಿತ್ತಾ?'

ನಿಮ್ಮ ಮಂಡಿನೋವು ನೋಡಲಾರದೆ ಹೇಳಿದೆ ಎನ್ನುವ ಮಾತು ಬಾಯಿಯವರೆಗೆ ಬಂದದ್ದನ್ನು ಮೈಲಪ್ಪ ನುಂಗಿಕೊಂಡ. ಮೊಮ್ಮಗಳು ನಯನಾ ಒಳಗಿನಿಂದ ಕರೆದಳು. ಕಸ್ತೂರಮ್ಮ ಗೋಡೆ ಹಿಡಿದು ಎದ್ದು ಒಳಗೆ ಹೋದರು.