ದೊರೆಸಾನಿ ಕೆಲಸದಲ್ಲಿ ಉಳಿದ ಬಗೆ

ಆಕೆಗೆ ದೊರೆಸಾನಿ ಎಂದು ಹೆಸರಿಟ್ಟವಳು ಅತ್ತಿಗೆ. ಆ ಹೆಸರಿನಲ್ಲಿ ಪ್ರೀತಿ ಎಳ್ಳಷ್ಟೂ ಇರಲಿಲ್ಲ, ಸತ್ಯ ಬೇಕಾದಷ್ಟಿತ್ತು. ದೊಡ್ಡ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಾಕೆ, ತನ್ನ ಅಪ್ಪಣೆಯಿಲ್ಲದೆ ಅಲ್ಲಿ ಯಾರೂ ಯಾರೊಡನೆಯೂ ಮಾತಾಡಲಾರರೆಂಬ ಗತ್ತಿನಲ್ಲಿ ಅರ್ಧ ಆಯುಷ್ಯ ಕಳೆದಿದ್ದಳು. ಎಲ್ಲರ ಜೇಬಿಗೂ ಫೋನು ಬಂದ ಮೇಲೆ ಕಚೇರಿಯವರು ಕರೆ ಜೋಡಿಸುವ ಆಕೆಯ ಯಂತ್ರವನ್ನೂ ಆಕೆಯನ್ನೂ ಒಟ್ಟಿಗೇ ಹೊರಗಿಟ್ಟರು. ಆಮೇಲೆ ಸಿಕ್ಕಿದ ಕೆಲಸಗಳನ್ನೆಲ್ಲ ಬಿಟ್ಟದ್ದು ಒಂದೇ ಕ್ರಮದಲ್ಲಿ. ಯಾರೋ ಏನೋ ಅನ್ನುತ್ತಿದ್ದರು. ಈಕೆ ಚೆಂದದ ವಾಕ್ಯವೊಂದನ್ನು ಒಗೆದು ಎದ್ದು ಬರುತ್ತಿದ್ದಳು. ಔಷಧಿ ಅಂಗಡಿಯ ಯಜಮಾನನಿಗೆ "ಮೊದಲು ನಿಮ್ಮ ನಾಲಿಗೆಗೊಂದು ಗುಳಿಗೆ ತಗೊಳ್ಳಿ" ಎಂದು ಬಂದದ್ದನ್ನು ಈಗಲೂ ಚಪ್ಪರಿಸಿ ಹೇಳುತ್ತಾಳೆ. ಆ ಒಂದು ವಾಕ್ಯದ ಬೆಲೆ, ವರ್ಷಗಟ್ಟಲೆ ಅಣ್ಣನ ಮನೆಯ ಹಂಗಿನೂಟ.

ಕೊನೆಗೊಮ್ಮೆ ಅತ್ತಿಗೆಯೇ ಬಾಯಿಬಿಟ್ಟಳು. "ದೊರೆಸಾನಿಯವರ ಸವಾರಿ ಇನ್ನೊಂದ್ಸಲ ಕೆಲಸ ಬಿಟ್ಟು ಬಂದ್ರೆ, ಹಾಸಿಗೆ ಬೇರೆ ಕಡೆ ಹಾಸ್ಕೊಳ್ಲಿ. ನನ್ ಮಗಳಿಗೆ ಓದೋಕೆ ಕೋಣೆ ಬೇಕು." ಅಣ್ಣ ಇನ್ನಷ್ಟು ಸಾರಿಗೆಂದು ತಟ್ಟೆ ಮುಂದೆ ಮಾಡಿದ.

ಹೀಗೆ ಆಕೆ ಚಪ್ಪಾಳೆ ಮೇಷ್ಟ್ರ ಕೇಂದ್ರ ಸೇರಿದಳು. ಚಪ್ಪಲಿ ಅಂಗಡಿಯ ಮೇಲಿನ ಒಂದು ಕೋಣೆ ಅದು. ಬಹುಕಾಲ ಕೆಲಸವಿಲ್ಲದೆ ಕುಳಿತವರನ್ನು ಮರಳಿ ದುಡಿಮೆಗೆ ಹಚ್ಚಿ, ಅಲ್ಲಿಯೇ ಉಳಿಯುವಂತೆ ನೋಡಿಕೊಳ್ಳುವುದು ಅದರ ಘೋಷಿತ ಗುರಿ. ಮೇಷ್ಟ್ರು ಜೀವಮಾನದಲ್ಲಿ ಮಾಡಿದ ಕೆಲಸವೆಂದರೆ, ಕೆಲಸ ಮಾಡುವುದು ಹೇಗೆಂದು ಇತರರಿಗೆ ಹೇಳಿದ್ದು. ಮಧ್ಯವಯಸ್ಕರನ್ನು ಕನ್ನಡಿಯ ಮುಂದೆ ನಿಲ್ಲಿಸಿ ನಗುವುದನ್ನು ಕಲಿಸುತ್ತಿದ್ದರು. ನಕ್ಕರೆ ಚಪ್ಪಾಳೆ, ಹೆಸರು ಹೇಳಿದರೆ ಚಪ್ಪಾಳೆ, ತಡವಾಗಿ ಬಂದವನಿಗೂ ಬಂದನಲ್ಲ ಎಂದು ಚಪ್ಪಾಳೆ. "ಪಾಪ, ಸೊಳ್ಳೆ ಕಾಟ ಇರ್ಬೇಕು" ಎಂದ, ಆಕೆಯ ಪಕ್ಕದಲ್ಲಿ ನಿಂತು ನಗು ಕಲಿಯುತ್ತಿದ್ದ, ಕೆಲಸ ಕಳೆದುಕೊಂಡ ಗಡಿಯಾರ ರಿಪೇರಿಯವನು.

ಆದರೂ ಆಕೆಗೆ ಕೆಲಸ ಕೊಡಿಸಿದವರು ಆ ಮೇಷ್ಟ್ರೇ; ಅದನ್ನು ಮುಚ್ಚಿಡಬಾರದು. ಹೋಟೆಲುಗಳ ಹಾಸುಬಟ್ಟೆ ಒಗೆಯುವ ಲಾಂಡ್ರಿಯದು. ದೊಡ್ಡ ದುಪ್ಪಟಿಗಳನ್ನು ಒಬ್ಬರೇ ಮಡಚಲಾಗುವುದಿಲ್ಲ. ಇಬ್ಬರು ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಬಿಗಿಯಾಗಿ ಎಳೆದು, ಹತ್ತಿರ ಬಂದು ಕೂಡಿಸಿ, ಮತ್ತೆ ಹಿಂದೆ ಸರಿಯಬೇಕು. ನೆಲ ಮುಟ್ಟಿದ ಬಟ್ಟೆ ಮತ್ತೆ ಒಗೆತಕ್ಕೆ; ಅದು ಒಣಗಿ ಮಡಿಕೆಯಾಗುವ ತನಕ ಜೋಡಿಯ ಇಬ್ಬರೂ ಮನೆಗೆ ಹೋಗುವಂತಿಲ್ಲ. ದೊರೆಸಾನಿಯ ಪಾಲಿಗೆ ಬಂದ ಜೋಡಿ ಎಡಚಿ. ಅವಳ ಎಡಗೈ ಮಡಿಕೆಗೆ ಬೇರಾರೂ ಹೊಂದಿಕೊಂಡಿರಲಿಲ್ಲ. "ಮನೇಲಿ ಕೂತು ಬೇಜಾರಾಯ್ತು, ಅದಕ್ಕೇ ಬಂದೆ" ಎಂದು ದೊರೆಸಾನಿ ಮೊದಲ ದಿನವೇ ಎಲ್ಲರೆದುರು ಸಾರಿದ್ದಳು.

ಕೆಲಸ ಇನ್ನೇನು ಕೈಗೆ ಹತ್ತುತ್ತಿದೆ ಎನ್ನುವಾಗ, ಒಂದು ಮಧ್ಯಾಹ್ನ ಮೇಷ್ಟ್ರು ಬ್ಯಾನರು ಮತ್ತು ಫೋಟೋದವನೊಂದಿಗೆ ಪ್ರತ್ಯಕ್ಷರಾದರು. ಕೆಲಸದಲ್ಲಿ ಉಳಿದವರನ್ನು ಕೆಲಸದ ನಡುವೆಯೇ ಅಭಿನಂದಿಸುವುದು ಅವರ ಪದ್ಧತಿ.

"ಈ ತಾಯಿ ವರ್ಷಗಟ್ಟಲೆ ಸುಮ್ನೆ ಕೂತಿದ್ರು! ಎಲ್ಲೂ ನಿಲ್ಲದವರು! ಇಂಥವರನ್ನೂ ನಾವು ದಡ ಸೇರಿಸಿದ್ವಿ. ಚಪ್ಪಾಳೆ!"

ಯಾರ ಕೈಯೂ ಖಾಲಿಯಿರಲಿಲ್ಲ. ಅವರೊಬ್ಬರೇ ತಟ್ಟಿಕೊಂಡರು. ಫೋಟೋದಲ್ಲಿ ಕಾಣುವ ಆಕೆಯ ಬಿಗಿದ ಹಲ್ಲುಗಳನ್ನು ಕೇಂದ್ರವು ಇಂದಿಗೂ ನಗೆಯೆಂದೇ ತೋರಿಸುತ್ತಿದೆ.

ವಾಕ್ಯ ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದುವರೆಗಿನ ಎಲ್ಲಕ್ಕಿಂತ ಚೆಂದದ್ದು ಅದಾಗಿತ್ತೆಂದು ಆಕೆಯ ಹೇಳಿಕೆ. ಅದನ್ನಾಡಿ ಹೊರನಡೆಯಬೇಕೆಂದರೆ ಕೈಯಲ್ಲಿದ್ದ ಮೂಲೆಗಳನ್ನು ಬಿಡಬೇಕು.

"ಬಿಟ್ಟೀಯ, ಜೋಕೆ!" ಎಂದಳು ಎಡಚಿ ಆ ತುದಿಯಿಂದ. "ಹೋಗೋದಾದ್ರೆ ಮಡಚಿ ಹೋಗು. ಮಗೂಗೆ ಜ್ವರ, ನಾನಿವತ್ತು ಉಳಿಯೋಕಾಗಲ್ಲ."

ಮಡಚಿದರು. ಅಷ್ಟರಲ್ಲಿ ಎಡಚಿ ಮುಂದಿನದರ ಮೂಲೆಗಳನ್ನು ಆಕೆಯ ಕೈಗೆ ತುರುಕಿಯಾಗಿತ್ತು. ಅದಾದ ಮೇಲೆ ಇನ್ನೊಂದು.

"ಬೇಜಾರಾಗಿ ಬಂದೋಳು ಅಂದಿದ್ಯಲ್ಲೇ?" ಎಂದಳು ಎಡಚಿ.

"ಹೂಂ. ಬೇಜಾರಿತ್ತು."

"ನಂಗೂ ಆಗಿತ್ತು ಕಣೇ. ಮೂರು ವರ್ಷ ಕೆಲಸ ಇಲ್ದೆ, ಬೇಜಾರಲ್ಲಿ ಉಪವಾಸಾನೂ ಬಿದ್ದಿದ್ದೆ. ಎಳಿ, ಸಡಿಲ ಆಯ್ತು."

ಸುತ್ತಲಿನ ಜೋಡಿಗಳು ಗೊಳ್ಳೆಂದು ನಕ್ಕವು. ದೊರೆಸಾನಿ ಎಳೆದಳು. ರಾಶಿ ಕರಗುವ ಹೊತ್ತಿಗೆ ಮೇಷ್ಟ್ರು ಬ್ಯಾನರು ಸುತ್ತಿಕೊಂಡು ಮತ್ತಾರನ್ನೋ ದಡ ಸೇರಿಸಲು ಹೋಗಿಬಿಟ್ಟಿದ್ದರು.

"ಅವರಿಗೇನೋ ಹೇಳ್ಬೇಕಂತಿದ್ದೆ ನೀನು," ಎಂದಳು ಎಡಚಿ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ. "ನಂಗಾದ್ರೂ ಹೇಳೇ."

"ಈಗ ನಡಿ, ಮಗು ಕಾಯ್ತಿದೆ," ಎಂದಳು ದೊರೆಸಾನಿ. "ನಾಳೆ ಹೇಳ್ತೀನಿ."