ಎರಡು ತಟ್ಟಿದರೆ ಹೊರಡಬೇಕು

ಟೈರು ಪಂಕ್ಚರ್ ಆಗಬಹುದಿತ್ತು. ಚೈನು ಕಿತ್ತುಹೋಗಬಹುದಿತ್ತು. ಘಾಟಿಯಲ್ಲಿ ಬ್ರೇಕ್ ಕಾದು ಕೈಕೊಡಬಹುದಿತ್ತು. ಹುಬ್ಬಳ್ಳಿ ದಾಟಿದ ಮೇಲೆ ಎಮ್ಮೆ ಅಡ್ಡ ಬರಬಹುದಿತ್ತು, ಕಾರವಾರದ ಲಾಡ್ಜಿನ ಹಾಸಿಗೆಯಲ್ಲಿ ತಿಗಣೆ ಇರಬಹುದಿತ್ತು, ನನ್ನ ಬಿಪಿ ಮಾತ್ರೆ ಮಳೆಯಲ್ಲಿ ನೆನೆದು ಗಂಜಿಯಾಗಬಹುದಿತ್ತು. ಹೆಂಡತಿಯ ಮಂಡಿ ಊದಿಕೊಳ್ಳಬಹುದಿತ್ತು. ನನ್ನ ಸೊಂಟ ಹಿಡಿದುಕೊಂಡು, ಬೈಕಿನ ಮೇಲೆ ಕೂತ ಭಂಗಿಯಲ್ಲೇ ನನ್ನನ್ನು ಎತ್ತಿ ಆಸ್ಪತ್ರೆಗೆ ಸಾಗಿಸಬೇಕಾಗಬಹುದಿತ್ತು.

ಇದನ್ನೆಲ್ಲ ಹೊರಡುವ ಮುಂಚೆಯೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಒಟ್ಟು ನಲವತ್ತೊಂದು ಅಪಾಯಗಳು, ಪ್ರತಿಯೊಂದರ ಎದುರಿಗೂ ಪರಿಹಾರ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಚೆನ್ನಾಗಿರುವ ವಸ್ತುವಿನಲ್ಲಿ ಕೊರತೆ ಹುಡುಕಿಯೇ ಅನ್ನ ತಿಂದವನು. ಮನೆಯಲ್ಲೂ ಅದೇ ಚಾಳಿ.

ಈಗ ಹೇಳುತ್ತಿರುವುದು ಆ ನಲವತ್ತೊಂದರಲ್ಲಿ ಇರಲಿಲ್ಲ. ನಗುವವರು ನಗಬಹುದು. ಬೇರೆಯವರು ಹೇಳಿದ್ದರೆ ನಾನೂ ನಗುತ್ತಿದ್ದೆ. ಆದರೆ ನಾನು ಕುಡಿಯುವವನಲ್ಲ, ಅಂದು ಜ್ವರವೂ ಇರಲಿಲ್ಲ, ಕನ್ನಡಕದ ನಂಬರನ್ನು ಹೊರಡುವ ವಾರವಷ್ಟೇ ಪರೀಕ್ಷೆ ಮಾಡಿಸಿದ್ದೆ. ನಡೆದದ್ದು ಮಧ್ಯರಾತ್ರಿಯಲ್ಲೂ ಅಲ್ಲ. ಒಂಬತ್ತೂವರೆ ಗಂಟೆಗೆ, ಸಾವಿರಾರು ಜನ ಓಡಾಡುವ ತುಮಕೂರು ರಸ್ತೆಯ ಪಕ್ಕದಲ್ಲಿ.

ಮೊದಲು ಸುಮಾಳ ವಿಷಯ ಹೇಳಬೇಕು. ಸುಮಾ ನನ್ನ ಹೆಂಡತಿ. ಎರಡು ವರ್ಷದ ಹಿಂದೆ ನಾವಿಬ್ಬರೂ ಸ್ಕೂಟರಿನಲ್ಲಿ ಬೊಮ್ಮನಹಳ್ಳಿಯ ಅವಳ ಅಕ್ಕನ ಮನೆಗೆ ಹೋಗುತ್ತಿದ್ದೆವು. "ನಿಧಾನ, ಮುಂದೆ ಗುಂಡಿ" ಅಂತ ಅವಳು ಮೂರು ಸಲ ಕೂಗಿದಳಂತೆ. ನನಗೆ ಕೇಳಿಸಲಿಲ್ಲ. ನನಗೇನೂ ಆಗಲಿಲ್ಲ, ಅವಳ ಮಣಿಕಟ್ಟು ಮುರಿಯಿತು. ಅಂದಿನಿಂದ ಅವಳು ನನ್ನ ಹಿಂದೆ ಕೂತಿರಲಿಲ್ಲ. ತರಕಾರಿಗೂ ಬಸ್ಸು, ಮದುವೆಗೂ ಬಸ್ಸು. ಒಂದೇ ಮದುವೆಗೆ ನಾವಿಬ್ಬರೂ ಬೇರೆ ಬೇರೆ ಹೋಗಿ ಬಂದದ್ದನ್ನು ನೋಡಿ ನೆಂಟರು ಏನೇನೋ ಕಲ್ಪಿಸಿಕೊಂಡರು.

ಹೀಗಿರುವಾಗ ಬೈಕಿನಲ್ಲಿ ಹನ್ನೆರಡು ದಿನದ ಪ್ರವಾಸ ಹೋಗೋಣ ಅಂತ ನಾನು ಕೇಳಿದಾಗ ಅವಳು ಮೂರು ದಿನ ಉತ್ತರ ಕೊಡಲಿಲ್ಲ. ನಾಲ್ಕನೆಯ ದಿನ ಸಾರಿಗೆ ಒಗ್ಗರಣೆ ಹಾಕುತ್ತಾ ಹೇಳಿದಳು.

"ಬಾಯಲ್ಲಿ ಹೇಳಿದ್ರೆ ನಿಮಗೆ ಕೇಳ್ಸಲ್ಲ. ಕೈಯಲ್ಲಿ ಹೇಳ್ತೀನಿ. ಹೆಗಲಿಗೆ ಒಂದ್ ತಟ್ಟಿದ್ರೆ ನಿಧಾನ. ಎರಡು ತಟ್ಟಿದ್ರೆ ಕೂತಿದ್ದೀನಿ, ಹೊರಡಿ. ಮೂರು ತಟ್ಟಿದ್ರೆ ನಿಲ್ಸಿ. ಯಾಕೆ, ಏನು ಅಂತ ಕೇಳೋ ಹಾಗಿಲ್ಲ."

"ಹೆಲ್ಮೆಟ್‌ಗೆ ಹಾಕೋ ಮೈಕ್ ಸಿಗತ್ತೆ ಕಣೆ."

"ಮೈಕಲ್ಲಿ ನಿಮ್ಮ ಭಯ ಎಲ್ಲ ನಾನು ಹನ್ನೆರಡು ದಿನ ಕೇಳ್ಬೇಕಾಗತ್ತೆ. ತಟ್ಟೋದೇ ವಾಸಿ." ಆಮೇಲೆ ಒಲೆ ಆರಿಸಿ ನನ್ನ ಕಡೆ ತಿರುಗಿದಳು. "ಇದೇ ಕೊನೇ ಸಲ ನಂಬ್ತಾ ಇರೋದು ರೀ. ಇನ್ನೊಂದ್ ಸಲ ನಾನಿರೋದನ್ನೇ ಮರೆತು ಗಾಡಿ ಓಡ್ಸಿದ್ರೆ, ಮುಗೀತು. ಮತ್ತೆ ಹತ್ತಲ್ಲ."

ಸರಿ, ಹೊರಟೆವು. ಚಿತ್ರದುರ್ಗ, ಹುಬ್ಬಳ್ಳಿ, ಕಾರವಾರ, ಕರಾವಳಿಯುದ್ದಕ್ಕೂ ಕೆಳಗಿಳಿದು, ಘಾಟಿ ಹತ್ತಿ ಶಿವಮೊಗ್ಗ. ರಸ್ತೆ ಕಲಿಸಿದ ಪಾಠಗಳನ್ನೂ ಬರೆದಿಟ್ಟುಕೊಂಡೆ. ಬಾಯಾರುವ ಮೊದಲೇ ನೀರು ಕುಡಿಯಬೇಕು. ಸಾಮಾನು ಕಟ್ಟಿದ ಹಗ್ಗದ ಗಂಟು ಎಷ್ಟು ಬಿಗಿಯಾಗಿದ್ದರೂ ಐವತ್ತು ಕಿಲೋಮೀಟರಿಗೊಮ್ಮೆ ಮುಟ್ಟಿ ನೋಡಬೇಕು. ಜಗಳವನ್ನು ಮುಂದಿನ ಪೆಟ್ರೋಲ್ ಬಂಕಿನ ತನಕ ಎತ್ತಿಟ್ಟರೆ ಅರ್ಧ ಜಗಳ ದಾರಿಯಲ್ಲೇ ಉದುರಿಹೋಗುತ್ತದೆ. ದಿನಕ್ಕೆ ನೂರು ಸಲವಾದರೂ ಅವಳ ಕೈ ನನ್ನ ಹೆಗಲ ಮೇಲೆ ಬೀಳುತ್ತಿತ್ತು. ತಟ್ಟು ಅನ್ನುವುದಕ್ಕಿಂತ ಗುದ್ದು ಅನ್ನಬಹುದು. ಒಂದು ಗುದ್ದಿಗೆ ನಿಧಾನ ಮಾಡಿದೆ, ಮೂರಕ್ಕೆ ನಿಲ್ಲಿಸಿದೆ. ಆರನೆಯ ದಿನ ಅವಳು ಹಿಂದೆ ಕೂತು ಹಾಡು ಗುನುಗಿದಳು. ನಾನು ಏನೂ ಅನ್ನಲಿಲ್ಲ. ಅಂದರೆ ನಿಲ್ಲಿಸಿಬಿಡುತ್ತಾಳೆ ಅನ್ನುವ ಭಯ.

ಕೊನೆಯ ದಿನ. ನೆಲಮಂಗಲ ದಾಟುವಷ್ಟರಲ್ಲಿ ರಾತ್ರಿ ಒಂಬತ್ತಾಗಿತ್ತು. ಹೆದ್ದಾರಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಚಿಕ್ಕಬಾಣಾವರದ ನಮ್ಮ ಮನೆಗೆ ಇನ್ನು ಅರ್ಧ ಗಂಟೆಯ ದಾರಿ. ಸರ್ವಿಸ್ ರಸ್ತೆಗೆ ಇಳಿದೆ.

ಮಾಕಳಿಯ ಹತ್ತಿರ ಹೆಗಲ ಮೇಲೆ ಮೂರು ಗುದ್ದು.

"ಮನೆ ತನಕ ತಡ್ಕೊಳಕ್ಕಾಗಲ್ಲ ರೀ," ಅಂದಳು ಸುಮಾ, ಇಳಿಯುತ್ತಾ. ರಸ್ತೆಯ ಪಕ್ಕದಲ್ಲಿ ಕಾರ್ಖಾನೆ ಕೆಲಸದವರಿಗೆ ಬಾಡಿಗೆಗೆ ಕೊಟ್ಟ ಶೀಟ್ ಮನೆಗಳ ಸಾಲು. ಒಂದು ಬಾಗಿಲಲ್ಲಿ ಹೆಂಗಸೊಬ್ಬಳು ಅಕ್ಕಿ ಆರಿಸುತ್ತಾ ಕೂತಿದ್ದಳು. ಸುಮಾ ಅವಳನ್ನು ಕೇಳಿದಳು, ಆಕೆ ಒಳಗೆ ಕರೆದಳು. ಹೋಗುವ ಮುಂಚೆ ಸುಮಾ ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡು ತಿರುಗಿ ನೋಡಿದಳು.

"ಇಂಜಿನ್ ಆಫ್ ಮಾಡ್ಬೇಡಿ. ಆಮೇಲೆ ಸ್ಟಾರ್ಟ್ ಆಗ್ಲಿಲ್ಲ ಅಂತ ಊರೆಲ್ಲ ಎಬ್ಬಿಸ್ತೀರಾ."

ಅವಳ ಫೋನು, ಪರ್ಸು ಎಲ್ಲ ನನ್ನ ಮುಂದಿನ ಟ್ಯಾಂಕಿನ ಮೇಲಿನ ಬ್ಯಾಗಿನಲ್ಲಿ.

ನಾನು ಸೀಟಿನ ಮೇಲೇ ಕೂತಿದ್ದೆ. ಗಾಡಿಯ ಮೇಲೆ ಅಷ್ಟು ಸಾಮಾನು, ಸ್ಟ್ಯಾಂಡ್ ಮುರಿದರೆ ಅನ್ನುವ ಚಿಂತೆ. ತಲೆಯಲ್ಲಿ ಹೆಲ್ಮೆಟ್ಟು. ಗಾಳಿಯ ಸದ್ದಿಗೆ ಕಿವಿ ಕೆಡುತ್ತದೆಂದು ಕಿವಿಯಲ್ಲಿ ಹತ್ತಿ. ಕನ್ನಡಿಗಳಲ್ಲಿ ನನ್ನ ಮೊಣಕೈಗಳನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಇಂಜಿನ್ ಗುಡುಗುಡು ಅನ್ನುತ್ತಿತ್ತು...

ಆಗ ಕರೆಂಟು ಹೋಯಿತು.

ಶೀಟ್ ಮನೆಗಳು, ಎದುರಿನ ಗೋಡೌನು, ಬೀದಿ ದೀಪ, ಎಲ್ಲ ಒಟ್ಟಿಗೆ. ಗಾಳಿಯಲ್ಲಿ ಒಂದು ವಾಸನೆ ಬಂತು. ಲೇತ್ ಮಶೀನಿಗೆ ಸುರಿಯುತ್ತಾರಲ್ಲ, ಹಾಲಿನ ಹಾಗೆ ಬೆಳ್ಳಗಿರುವ ಎಣ್ಣೆನೀರು, ಅದರದು. ಹಳಸಿದ ಹಾಗೆ. ದಿನವೂ ಅದರಲ್ಲೇ ಉಸಿರಾಡುವವನು ನಾನು, ತಪ್ಪಾಗುವುದಿಲ್ಲ. ಸುತ್ತ ಕಾರ್ಖಾನೆಗಳಿವೆ, ಇರಬಹುದು ಅಂದುಕೊಂಡೆ.

ಗಾಡಿಯ ಹಿಂಭಾಗ ಕುಗ್ಗಿತು. ಒಬ್ಬರು ಹತ್ತಿ ಕೂತಾಗ ಕುಗ್ಗುವಷ್ಟು.

ಹೆಗಲ ಮೇಲೆ ಒಂದು... ಎರಡು.

ಗೇರು ಹಾಕಿ ಹೊರಟೆ.

ಕತ್ತಲೆಯಲ್ಲಿ ಹೆಡ್‌ಲೈಟಿನ ಬೆಳಕು ಮಾತ್ರ. ಖಾಲಿ ರಸ್ತೆ, ಅರವತ್ತರ ವೇಗ. ಹೆಗಲಿಗೆ ಒಂದು ತಟ್ಟು ಬಿತ್ತು. ನಿಧಾನ ಮಾಡಿದೆ. ಹತ್ತು ಮಾರು ಮುಂದೆ, ಹಿಂದಿನ ದೀಪವಿಲ್ಲದ ಟ್ರೈಲರೊಂದು ರಸ್ತೆಗೆ ಅರ್ಧ ಅಡ್ಡವಾಗಿ ನಿಂತಿತ್ತು. ಅದರ ಕಬ್ಬಿಣದ ಸರಳುಗಳು ನನ್ನ ಎದೆಯ ಎತ್ತರಕ್ಕೆ ಹೊರಗೆ ಚಾಚಿದ್ದವು.

"ಥ್ಯಾಂಕ್ಸ್ ಕಣೆ," ಅಂದೆ.

ಹಿಂದಿನಿಂದ ಉತ್ತರವಿಲ್ಲ. "ಕಣ್ಣು ಎಲ್ಲಿಟ್ಟಿದ್ರಿ" ಅಂತಾದರೂ ಬರಬೇಕಿತ್ತು. ಸುಸ್ತಾಗಿದ್ದಾಳೆ ಅಂದುಕೊಂಡೆ.

ಸ್ವಲ್ಪ ಮುಂದೆ ಮತ್ತೆ ಒಂದು ತಟ್ಟು. ಮತ್ತೆ ನಿಧಾನ. ರಸ್ತೆಯ ಎಡಭಾಗ ಇರಲೇ ಇಲ್ಲ. ಪೈಪು ಹಾಕಲು ಅಗೆದ ಹಳ್ಳ. ಒಂದು ಕಲ್ಲು, ಒಂದು ಕೊಂಬೆ ಕೂಡ ಅಡ್ಡ ಇಟ್ಟಿರಲಿಲ್ಲ. ಬಲಕ್ಕೆ ತೆಗೆದುಕೊಂಡು ದಾಟಿದೆ. ಆ ವಾಸನೆ ಮಾತ್ರ ಜೊತೆಗೇ ಬರುತ್ತಿತ್ತು. ನಾವು ಮುಂದೆ ಹೋಗುತ್ತಿದ್ದರೂ, ಗಾಳಿ ಎದುರಿನಿಂದ ಹೊಡೆಯುತ್ತಿದ್ದರೂ, ವಾಸನೆ ಹಿಂದಿನಿಂದ ಬರುತ್ತಿತ್ತು...

ಆಮೇಲೆ ಮೂರು ತಟ್ಟು.

ನಿಲ್ಲಿಸಿದೆ. ಯಾಕೆ ಅಂತ ಕೇಳುವ ಹಾಗಿಲ್ಲವಲ್ಲ. ಎಡಗಡೆ ಮುಚ್ಚಿಹೋದ ಹಳೆಯ ಕಾರ್ಖಾನೆಯೊಂದರ ಗೇಟು. ತುಕ್ಕು ಹಿಡಿದ ಸರಪಳಿ, ಗೇಟಿನ ಸಂದಿಯಿಂದ ಹೊರಬಂದ ಎಕ್ಕದ ಗಿಡ.

ಅದೇ ಹೊತ್ತಿಗೆ ಜೇಬಿನಲ್ಲಿ ಫೋನು ನಡುಗಿತು. ಗುರುತಿಲ್ಲದ ನಂಬರು.

"ನೋಡು, ಈ ಹೊತ್ತಲ್ಲಿ ಯಾರದೋ ಫೋನು," ಅಂತ ಹಿಂದಕ್ಕೆ ಹೇಳುತ್ತಾ ಹೆಲ್ಮೆಟ್ ತೆಗೆದೆ, ಹತ್ತಿ ಕಿತ್ತೆ, ಕಿವಿಗಿಟ್ಟುಕೊಂಡೆ.

"ರೀ," ಅಂದಿತು ಸುಮಾಳ ದನಿ. "ಎಲ್ಲಿದ್ದೀರಾ?"

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಕೇಳಿಸ್ತಾ ಇದೆಯಾ? ನನ್ನ ಬಿಟ್ಟು ಹೊರಟೋದ್ರಲ್ಲ. ಇವ್ರ ಫೋನಿಂದ ಮಾಡ್ತಾ ಇದ್ದೀನಿ."

ನನ್ನ ಹಿಂದೆ ಸೀಟಿನ ಮೇಲೆ ಭಾರ ಇತ್ತು. ಇದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಫೋನಿನಲ್ಲಿ ಅವಳು ಮಾತಾಡುತ್ತಿದ್ದಳು, ಹಿಂದೆ ಭಾರ ಇತ್ತು. ಕುತ್ತಿಗೆ ತಿರುಗಿಸಲು ಆಗಲಿಲ್ಲ. ನನ್ನ ಜಾಕೆಟ್ಟಿನ ಬೆನ್ನು ಸ್ವಲ್ಪ ಜಗ್ಗಿದಂತಾಯಿತು, ಇಳಿಯುವವರು ಆಸರೆಗೆ ಹಿಡಿದುಕೊಂಡ ಹಾಗೆ. ಆಮೇಲೆ ಗಾಡಿಯ ಹಿಂಭಾಗ ಮೆಲ್ಲಗೆ ಮೇಲಕ್ಕೆದ್ದಿತು.

ಗೇಟಿನ ಸರಪಳಿ ಒಂದು ಸಲ ಕಣಕಣ ಅಂದಿತು.

ಎಷ್ಟು ಹೊತ್ತಿನ ಮೇಲೆ ತಿರುಗಿದೆನೋ ಗೊತ್ತಿಲ್ಲ. ಯಾರೂ ಇರಲಿಲ್ಲ. ವಾಸನೆಯೂ ಇರಲಿಲ್ಲ.

"ಅಲ್ಲೇ ಇರು," ಅಂದೆ ಫೋನಿಗೆ. "ಬಂದೆ. ಅಲ್ಲೇ ಇರು, ಎಲ್ಲೂ ಹೋಗ್ಬೇಡ."

"ನಾನೆಲ್ಲಿಗ್ರೀ ಹೋಗ್ಲಿ," ಅಂದಳು.

ಸಿಗ್ನಲ್ಲಿನಲ್ಲಿ ಬಿಳಿ ಗೆರೆ ದಾಟದ ನಾನು ಅಂದು ಒನ್‌ವೇಯಲ್ಲಿ ಎದುರಿಗೆ ಓಡಿಸಿದೆ. ಹಳ್ಳ ಅಲ್ಲೇ ಇತ್ತು. ಹೆಡ್‌ಲೈಟಿನಲ್ಲಿ ಆಳ ಕಂಡಿತು, ಎರಡಾಳು ಆಳ. ಟ್ರೈಲರೂ ಅಲ್ಲೇ ಇತ್ತು. ಅವೆರಡೂ ನನ್ನ ಭ್ರಮೆಯಲ್ಲ. ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು: ಇದೇ ಕೊನೇ ಸಲ ನಂಬ್ತಾ ಇರೋದು ರೀ.

ಕರೆಂಟು ಬಂದಿತ್ತು. ಸುಮಾ ಶೀಟ್ ಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಮಡಿಲಲ್ಲಿ ಹೆಲ್ಮೆಟ್ ಇಟ್ಟುಕೊಂಡು ಕೂತಿದ್ದಳು. ಬಯ್ಯಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೇ. ಬೈದದ್ದು ಅಕ್ಕಿ ಆರಿಸುತ್ತಿದ್ದ ಹೆಂಗಸು. ಬಾಗಲಕೋಟೆ ಕಡೆಯವಳು, ಹೆಸರು ಶಾಂತವ್ವ.

"ಏನ್ರಿ ಅಣ್ಣಾರ, ಹೇಣ್ತಿ ಏನ್ ಟಿಫಿನ್ ಡಬ್ಬಿ ಏನ್ರಿ, ಮರತು ಹೋಗಾಕ? ಹೊರಗ ಬರೂದ್ರಾಗ ನಿಮ್ಮ ಗಾಡಿ ಹೊಂಟಿತ್ತು. ಅಕ್ಕಾರು ಒದರಿದ್ರು. ನಾನೂ ಒದರಾಕಿದ್ದೆ. ಆದ್ರ..."

"ಆದ್ರೆ?"

ಶಾಂತವ್ವ ಸುಮಾಳ ಕಡೆ ನೋಡಿ ದನಿ ತಗ್ಗಿಸಿದಳು. "ಗಾಡಿ ಹಿಂದಿನ ಕೆಂಪು ದೀಪದಾಗ ಕಂಡ್ತು, ನಿಮ್ಮ ಹಿಂದ ಒಬ್ಬಾಕಿ ಕುಂತಿದ್ಲಲ್ರಿ. ಅದಕ್ಕ ಇದು ಬ್ಯಾರೆಯವ್ರ ಗಾಡಿ ಅಂದ್ಕೊಂಡು ಸುಮ್ಮನಾದೆ."

ಸುಮಾ ಎದ್ದು ನಿಂತಳು. "ಬರ್ತೀನಮ್ಮ, ಉಪಕಾರ ಆಯ್ತು," ಅಂದಳು. ಗಾಡಿ ಹತ್ತಲಿಲ್ಲ. ನಾನು ಏನೂ ಕೇಳುವ ಮುಂಚೆ ಶಾಂತವ್ವನ ಫೋನಿನಿಂದಲೇ ಆಟೊ ಕರೆಸಿದಳು. ಮನೆಯ ತನಕ ಆಟೊ ಮುಂದೆ, ಹಿಂದೆ ನಾನು. ಅದರ ಕೆಂಪು ದೀಪದಿಂದ ಒಂದು ಕ್ಷಣವೂ ಕಣ್ಣು ತೆಗೆಯಲಿಲ್ಲ. ಖಾಲಿ ಸೀಟಿನ ಬಗ್ಗೆ ಯೋಚಿಸಬಾರದು ಅಂತ ಜೋರಾಗಿ ಮಗ್ಗಿ ಹೇಳಿಕೊಂಡೆ. ಹದಿನೇಳರದ್ದು ತಪ್ಪಿತು.

ಆ ಗೇಟಿನ ಬಗ್ಗೆ ಆಮೇಲೆ ಒಬ್ಬಿಬ್ಬರನ್ನು ವಿಚಾರಿಸಿದೆ. ಮುಚ್ಚಿ ಬಹಳ ವರ್ಷವಾಯಿತು ಅನ್ನುವುದು ಬಿಟ್ಟು ಯಾರಿಗೂ ಏನೂ ಗೊತ್ತಿಲ್ಲ. ಅಲ್ಲಿ ಯಾರಾದರೂ ಸತ್ತರು ಅಂತ ಯಾರೂ ಹೇಳಲಿಲ್ಲ. ಹೇಳಿದ್ದರೆ ಸ್ವಲ್ಪ ಸಮಾಧಾನ ಆಗುತ್ತಿತ್ತೇನೋ. ಪಾಳಿ ಮುಗಿಸಿ ಮನೆಗೆ ಹೋಗುವವಳೋ, ಪಾಳಿಗೆ ಹೊರಟವಳೋ, ಅದೂ ತಿಳಿಯದು. ನನ್ನನ್ನು ಎರಡು ಸಲ ಉಳಿಸಿದಳು, ಅದೊಂದು ಗೊತ್ತು. ನಮ್ಮ ಮೂರು ತಟ್ಟಿನ ಲೆಕ್ಕ ಅವಳಿಗೆ ಹೇಗೆ ಗೊತ್ತಿತ್ತು? ಅದನ್ನು ಯೋಚಿಸಿದಾಗಲೆಲ್ಲ ಇಂದಿಗೂ ಹೆಗಲು ತಣ್ಣಗಾಗುತ್ತದೆ.

ಸುಮಾ ಎರಡು ದಿನ ಆ ಮಾತೆತ್ತಲಿಲ್ಲ. ಮೂರನೆಯ ದಿನ ಒಗೆದ ಬಟ್ಟೆ ಮಡಚುತ್ತಾ ಹೇಳಿದಳು.

"ನಾನೂ ನೋಡ್ದೆ ರೀ. ಅವಳು ಕೂತಿದ್ದನ್ನ."

ನಾನು ಅವಳು ಮಡಚಿಟ್ಟ ಟವಲನ್ನೇ ಎತ್ತಿಕೊಂಡು ಮತ್ತೆ ಮಡಚತೊಡಗಿದೆ.

"ಅದು ಹಾಳಾಗ್ಲಿ. ಹನ್ನೆರಡು ದಿನ ತಟ್ಟಿದ್ದೀನಿ. ಇದು ನನ್ನ ಕೈ ಅಲ್ಲ ಅಂತ ನಿಮಗೆ ಒಂದ್ ಸಲನೂ ಅನ್ನಿಸ್ಲಿಲ್ವಾ?"

ಜಾಕೆಟ್ಟು ದಪ್ಪ ಅಂದೆ. ಕತ್ತಲೆ ಅಂದೆ, ಸುಸ್ತು ಅಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ನನ್ನ ಅಂಗಿಯನ್ನು ಮಡಚಿ ನನ್ನ ಕಡೆ ಇಟ್ಟು ಒಳಗೆ ಹೋದಳು. ಮಾರನೆಯ ದಿನ ಬಸ್ ಪಾಸು ಮಾಡಿಸಿಕೊಂಡು ಬಂದಳು.

ನಿಜ ಹೇಳಬೇಕೆಂದರೆ, ಅನ್ನಿಸಿತ್ತು. ಆ ಕೈ ಹಗುರವಾಗಿತ್ತು. ಗುದ್ದಲಿಲ್ಲ, ಗದರಲಿಲ್ಲ. ಹನ್ನೆರಡನೆಯ ದಿನಕ್ಕಾದರೂ ಇವಳಿಗೆ ನನ್ನ ಮೇಲೆ ನಂಬಿಕೆ ಬಂತು, ಅದಕ್ಕೇ ಇಷ್ಟು ಮೆತ್ತಗೆ ತಟ್ಟುತ್ತಿದ್ದಾಳೆ ಅಂದುಕೊಂಡೆ. ಖುಷಿಯಾಯಿತು. ತಿರುಗಿ ನೋಡಲಿಲ್ಲ.

ಆ ಇಡೀ ಪ್ರವಾಸದಲ್ಲಿ ತಪ್ಪಿದ್ದು ಅದೊಂದೇ.